ತಂಬೂರಿ ಇಟ್ಟುಕೊಂಡು ಬೀಥೋವನ್ ಕೇಳೋಣ: ಪಿಯಾನೋ ಸೊನಾಟಾಗಳಿಗೆ ಒಂದು ದಾರಿ

ಬೀಥೋವನ್ ಬರೆದ ಪಿಯಾನೋ ಸೊನಾಟಾಗಳು, ಅಂದರೆ ಕೆಲವು ಭಾಗಗಳಾಗಿ ಬರೆದ ವಾದ್ಯ ರಚನೆಗಳು, 32. ಎಲ್ಲವನ್ನೂ ಸಾಲಾಗಿ ಕೇಳಿ ಮುಗಿಸಲು ಹತ್ತು ಗಂಟೆಗೂ ಜಾಸ್ತಿ ಬೇಕು. ಬಹಳ ಜನ ಒಂದನೇ ನಂಬರಿನಿಂದ ಶುರು ಮಾಡಿ, ನಾಲ್ಕೈದು ಮುಗಿಯುವಷ್ಟರಲ್ಲಿ ಬಿಟ್ಟುಬಿಡುತ್ತಾರೆ. ನಾನೂ ಒಮ್ಮೆ ಹಾಗೇ ಬಿಟ್ಟಿದ್ದೆ. ಸಂಗೀತ ಹಿಡಿಸಲಿಲ್ಲ ಅಂತಲ್ಲ. ಯಾವುದನ್ನು ಹಿಡಿದುಕೊಂಡು ಕೇಳಬೇಕು ಅನ್ನುವುದು ಗೊತ್ತಿರಲಿಲ್ಲ. ಮನೆಯಲ್ಲಿ ವರ್ಣ, ಕೃತಿ, ದೇವರನಾಮ ಕೇಳಿ ಬೆಳೆದ ಕಿವಿ ಅದು. ಅದಕ್ಕೆ ಇಲ್ಲಿ ಸ್ವರಗಳ ಮಳೆ ಸುರಿದ ಹಾಗೆ ಕೇಳುತ್ತಿತ್ತು.

ಬಾಗಿಲು ತೆರೆದದ್ದು ಒಂದು ಸಣ್ಣ ವಿಷಯದಿಂದ. ನಮ್ಮ ಕಛೇರಿಯಲ್ಲಿ ಶುರುವಿಗೆ ಹಿಡಿದ ಷಡ್ಜ ಮಂಗಳದವರೆಗೂ ಅದೇ ಇರುತ್ತದೆ. ಮಧ್ಯಮ ಶ್ರುತಿಯ ಒಂದೆರಡು ಹಾಡು ಬಿಟ್ಟರೆ, ರಾಗ ಎಷ್ಟು ಬದಲಾದರೂ 'ಸ' ಕೂತಲ್ಲಿಂದ ಏಳುವುದಿಲ್ಲ. ಸೊನಾಟಾದಲ್ಲಿ ಆ 'ಸ' ಎದ್ದು ಹೊರಡುತ್ತದೆ. ಪಕ್ಕದ ಊರಿಗೆ ಹೋಗುತ್ತದೆ, ದೂರದೂರಿಗೆ ಹೋಗುತ್ತದೆ, ಸುತ್ತಾಡಿಕೊಂಡು ಮನೆಗೆ ಬರುತ್ತದೆ. ಈ ಓಡಾಟವನ್ನು ಕಿವಿ ಹಿಡಿದರೆ ಮಿಕ್ಕಿದ್ದೆಲ್ಲ ತಾನಾಗಿ ತಿಳಿಯುತ್ತಾ ಹೋಗುತ್ತದೆ. ಅದನ್ನು ಹಿಡಿಯುವ ಅಭ್ಯಾಸಕ್ಕಾಗಿಯೇ ಈ ಬರಹ.

ಏನೇನು ಬೇಕು

ಫೋನಿನಲ್ಲಿ ಒಂದು ತಂಬೂರಿ ಆ್ಯಪ್. ಒಂದು ಪಿಯಾನೋ ಕೀಬೋರ್ಡ್ ಆ್ಯಪ್, ಸುಮ್ನೆ ಸ್ವರ ಒತ್ತಿ ನೋಡುವುದಕ್ಕೆ. ಒಂದು ನೋಟ್‌ಬುಕ್, ಪೆನ್ಸಿಲ್. ಸಂಗೀತ ಸ್ಪೀಕರಿನಲ್ಲಿ ಬರಲಿ, ತಂಬೂರಿ ಪಕ್ಕದಲ್ಲಿ ಇನ್ನೊಂದು ಫೋನಿನಿಂದ ಮೆಲ್ಲಗೆ ಬರಲಿ. ನೊಟೇಷನ್ ಓದಲು ಬರುವವರಿಗೆ ಐಎಂಎಸ್ಎಲ್‌ಪಿ ಅನ್ನುವ ಜಾಲತಾಣದಲ್ಲಿ 32 ಸೊನಾಟಾಗಳೂ ಪುಕ್ಕಟೆಯಾಗಿ ಸಿಗುತ್ತವೆ. ಓದಲು ಬಾರದವರು ಯೂಟ್ಯೂಬಿನಲ್ಲಿ ನೊಟೇಷನ್ ಪುಟ ತಾನಾಗಿ ತಿರುಗುತ್ತಾ ಹೋಗುವ ವಿಡಿಯೋ ನೋಡಬಹುದು. ಸ್ವರ ಎಲ್ಲಿ ದಟ್ಟವಾಗಿದೆ, ಎಲ್ಲಿ ವಿರಳವಾಗಿದೆ ಅನ್ನುವುದು ಕಣ್ಣಿಗೆ ಕಂಡರೂ ಸಾಕು.

ಯಾರ ರೆಕಾರ್ಡಿಂಗ್ ಕೇಳಬೇಕು ಅನ್ನುವುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಮೊದಲ ಸುತ್ತಿಗೆ ಒಬ್ಬರನ್ನೇ ಹಿಡಿಯಿರಿ. ವಿಲ್ಹೆಲ್ಮ್ ಕೆಂಪ್, ಆಲ್ಫ್ರೆಡ್ ಬ್ರೆಂಡೆಲ್, ಆ್ಯನಿ ಫಿಶರ್, ರಿಚರ್ಡ್ ಗೂಡ್, ಇಗೋರ್ ಲೆವಿಟ್ ಇವರೆಲ್ಲರೂ 32 ಸೊನಾಟಾಗಳನ್ನು ಪೂರ್ತಿ ನುಡಿಸಿ ರೆಕಾರ್ಡ್ ಮಾಡಿದವರು. ಹೊಸಬರಿಗೆ ನಾನು ಕೆಂಪ್ ಅಂತ ಹೇಳುತ್ತೇನೆ. ಅವರ ಕೈಯಲ್ಲಿ ಧಾಟಿ ಹಾಡಿದ ಹಾಗೆ ಕೇಳುತ್ತದೆ, ಅವಸರ ಇಲ್ಲ. ಎಲ್ಲವನ್ನೂ ಮೊಟ್ಟಮೊದಲು ರೆಕಾರ್ಡ್ ಮಾಡಿದವರು ಆರ್ಟುರ್ ಶ್ನಾಬೆಲ್, 1932ರಿಂದ 1935ರ ನಡುವೆ. ಅದರಲ್ಲಿ ಹಳೇ ಪ್ಲೇಟಿನ ಸದ್ದಿದೆ, ಅಲ್ಲಲ್ಲಿ ಬೆರಳು ತಪ್ಪಿದ್ದೂ ಇದೆ. ಅದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ಹಳೇ ರೆಕಾರ್ಡಿಂಗುಗಳ ಶ್ರುತಿ ಕೊಂಚ ಮೇಲೆ ಕೆಳಗೆ ಇರಬಹುದು, ಆ್ಯಪ್‌ನಲ್ಲಿ ತಂಬೂರಿಯನ್ನು ಸ್ವಲ್ಪ ಸರಿಮಾಡಿಕೊಳ್ಳಬೇಕಾಗುತ್ತದೆ.

ಒಂದು ಭಾಗ, ಮೂರು ಸಲ

ಸೊನಾಟಾದಲ್ಲಿ ಎರಡು, ಮೂರು ಅಥವಾ ನಾಲ್ಕು ಭಾಗಗಳಿರುತ್ತವೆ. ಒಂದು ದಿನಕ್ಕೆ ಒಂದೇ ಭಾಗ ಸಾಕು. ಅದನ್ನೇ ಮೂರು ಸಲ ಕೇಳಿ.

ಮೊದಲ ಸಲ ಏನೂ ಮಾಡಬೇಡಿ. ಫೋನ್ ಕೆಳಗಿಟ್ಟು ಕೂತು ಕೇಳಿ. ಅಡುಗೆ ಮಾಡುತ್ತಾ, ಬಸ್ಸಿನಲ್ಲಿ ಹೋಗುತ್ತಾ ಕೇಳುವುದು ತಪ್ಪೇನಲ್ಲ, ಆದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಎರಡನೇ ಸಲ ಆ ಭಾಗದ ಶ್ರುತಿಗೆ ತಂಬೂರಿ ಹಾಕಿಕೊಂಡು ಕೇಳಿ. ಶುರುವಿನಲ್ಲಿ ಎರಡೂ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಸ್ವಲ್ಪ ಹೊತ್ತಿನಲ್ಲಿ ತಂಬೂರಿ ಕಸಿವಿಸಿ ಮಾಡತೊಡಗುತ್ತದೆ. ಆ ಗಳಿಗೆಯೇ ಮುಖ್ಯ. 'ಸ' ಹೊರಟಿದೆ ಅಂತ ಅರ್ಥ. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಅಂತ ಬರೆದುಕೊಳ್ಳಿ. ಪೂರ್ತಿ ಹೊತ್ತು ತಂಬೂರಿ ಇಟ್ಟುಕೊಳ್ಳುವುದು ಕಷ್ಟವಾದರೆ ನಡುನಡುವೆ ಆಫ್ ಮಾಡಿ, ಮತ್ತೆ ಹಾಕಿ ನೋಡಿ. ಪಾಶ್ಚಾತ್ಯ ಸಂಗೀತ ಕಲಿಸುವವರು ಇದನ್ನು ಕೇಳಿದರೆ ಹುಬ್ಬೇರಿಸಬಹುದು, ಯಾಕಂದ್ರೆ ಈ ಸಂಗೀತ ತಂಬೂರಿಗೆ ಅಂತ ಬರೆದದ್ದಲ್ಲ. ನಿಜ. ಇದು ಕಿವಿಗೆ ಕೊಡುವ ಊರುಗೋಲು. ನಡೆಯಲು ಬಂದ ಮೇಲೆ ಬಿಟ್ಟುಬಿಡಬಹುದು.

ಮೂರನೇ ಸಲ ತಂಬೂರಿ ಇಲ್ಲದೆ, ಬರೆದುಕೊಂಡ ಜಾಗಗಳಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳಿ. ಒಂದು ಧಾಟಿ ಮುಗಿದು ಮನಸ್ಸಿಗೆ 'ಹಾಂ, ಇಲ್ಲಿ ಕೂರಬಹುದು' ಅನಿಸುವ ಸ್ವರ ಇರುತ್ತದಲ್ವಾ, ಅದನ್ನು ಬಾಯಲ್ಲಿ ಹಿಡಿದು ಗುನುಗಿ. ಕೀಬೋರ್ಡಿನಲ್ಲಿ ಅದು ಯಾವುದೆಂದು ಹುಡುಕಿ. ಅದೇ ಹೊಸ 'ಸ'. ಮೊದಲ ವಾರ ಅರ್ಧಕ್ಕರ್ಧ ತಪ್ಪಾಗುತ್ತದೆ, ಪರವಾಗಿಲ್ಲ.

ಮೊದಲ ಪಾಠ: ಓಪಸ್ 49, ನಂಬರ್ 2

ಎಲ್ಲರೂ 'ಮೂನ್‌ಲೈಟ್' ಸೊನಾಟಾದಿಂದ ಶುರು ಮಾಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದರ ಮೊದಲ ಭಾಗ ಎಷ್ಟು ಪರಿಚಿತ ಅಂದ್ರೆ ಕಿವಿ ಕೆಲಸವನ್ನೇ ಮಾಡುವುದಿಲ್ಲ. ಓಪಸ್ ಅಂದರೆ ರಚನೆ ಅಚ್ಚಾಗುವಾಗ ಕೊಡುವ ನಂಬರು. ಓಪಸ್ 49ರ ಎರಡನೆಯ ಸೊನಾಟಾ, ಅಂದರೆ ಪಟ್ಟಿಯಲ್ಲಿ 20ನೆಯದು, ಎರಡೇ ಭಾಗ, ಒಟ್ಟು ಎಂಟು ನಿಮಿಷದ ಆಸುಪಾಸು. ಅಚ್ಚಾದದ್ದು 1805ರಲ್ಲಿ. ಬರೆದದ್ದು ಅದಕ್ಕೆ ಸುಮಾರು ಹತ್ತು ವರ್ಷ ಮೊದಲು, ಬೀಥೋವನ್‌ಗೆ ಇಪ್ಪತ್ತೈದರ ವಯಸ್ಸಿನಲ್ಲಿ. ಪಿಯಾನೋ ಕಲಿಯುವ ಮಕ್ಕಳು ಇದನ್ನು ನುಡಿಸುತ್ತಾರೆ. ಅದಕ್ಕೇ ಕೇಳುಗರು ಇದನ್ನು ದಾಟಿ ಹೋಗುತ್ತಾರೆ. ಸೊನಾಟಾದ ಎಲುಬುಗೂಡು ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಇದು ಜಿ ಮೇಜರ್, ಅಂದರೆ 'ಸ' ಜಿ ಮೇಲಿದೆ, ಗಾಂಧಾರ ಅಂತರ ಗಾಂಧಾರ. ತಂಬೂರಿಯನ್ನು ಜಿ ಶ್ರುತಿಗೆ, ಅಂದರೆ ನಮ್ಮ ಐದಕ್ಕೆ ಇಟ್ಟುಕೊಳ್ಳಿ. ಮೊದಲು ಒಂದು ಗಟ್ಟಿ ಕಾರ್ಡ್, ಅದರ ಬೆನ್ನಿಗೇ ತಿಶ್ರ ನಡೆಯ ಗುಂಪು. ಕಾರ್ಡ್ ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಒತ್ತುವುದು. ತಂಬೂರಿ ಜೊತೆ ಕೇಳಿದರೆ ಶಂಕರಾಭರಣದ ಸ್ವರಗಳು. ಸಲೀಸಾಗಿ ಸೇರಿಕೊಳ್ಳುತ್ತವೆ.

ಒಂದು ನಿಮಿಷದೊಳಗೇ ಏನೋ ಆಗುತ್ತದೆ. ಶುದ್ಧ ಮಧ್ಯಮ ಇದ್ದಲ್ಲಿ ಪ್ರತಿ ಮಧ್ಯಮ ಬರತೊಡಗುತ್ತದೆ. ತಂಬೂರಿ ಹಾಕಿಕೊಂಡವರಿಗೆ 'ಅರೆ, ಕಲ್ಯಾಣಿ!' ಅನಿಸುತ್ತದೆ. ಸ್ವರಗಳ ಲೆಕ್ಕದಲ್ಲಿ ಹೌದು. ಈಗ ತಂಬೂರಿ ನಿಲ್ಲಿಸಿ ಅದೇ ಜಾಗ ಕೇಳಿ. ಕಲ್ಯಾಣಿ ಮಾಯ. ಅಲ್ಲಿರುವುದು ಮತ್ತೆ ಶಂಕರಾಭರಣವೇ, ಆದರೆ ಪಂಚಮದ ಮೇಲೆ ಕೂತಿದೆ. ಹಳೇ 'ಪ' ಹೊಸ 'ಸ' ಆಗಿದೆ. ಜಿ ಇದ್ದದ್ದು ಡಿ ಆಯಿತು. ಗ್ರಹಭೇದ ಗೊತ್ತಿರುವವರಿಗೆ ಇದು ಹೊಸದಲ್ಲ. ವ್ಯತ್ಯಾಸ ಏನಂದರೆ, ನಮ್ಮಲ್ಲಿ ವಿದ್ವಾಂಸರು ಒಂದೆರಡು ನಿಮಿಷ ಆ ಚಮತ್ಕಾರ ತೋರಿಸಿ ವಾಪಸು ಬರುತ್ತಾರೆ. ಇಲ್ಲಿ ಇಡೀ ರಚನೆ ನಿಂತಿರುವುದೇ ಅದರ ಮೇಲೆ.

ಡಿ ಮೇಲೆ ಕೂತ ಮೇಲೆ ಎರಡನೇ ಧಾಟಿ ಬರುತ್ತದೆ. ಮೊದಲಿನದಕ್ಕಿಂತ ಮೆತ್ತಗೆ, ಹಾಡಲು ಬರುವಂಥದ್ದು. ಅದನ್ನು ಬಾಯಿಪಾಠ ಮಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ. ಇಷ್ಟು ಮುಗಿದರೆ ಎಕ್ಸ್‌ಪೊಸಿಷನ್, ಅಂದರೆ ಧಾಟಿಗಳ ಪರಿಚಯ, ಮುಗಿಯಿತು. ಪಿಯಾನೋ ನುಡಿಸುವವರು ಸಾಮಾನ್ಯವಾಗಿ ಇದನ್ನು ಇನ್ನೊಂದು ಸಲ ಪೂರ್ತಿ ನುಡಿಸುತ್ತಾರೆ. ರೆಕಾರ್ಡಿಂಗ್ ಹಿಂದಕ್ಕೆ ಹೋಯಿತೇನೋ ಅಂದುಕೊಳ್ಳಬೇಡಿ.

ನಂತರದ್ದು ಡೆವಲಪ್‌ಮೆಂಟ್. ಇಲ್ಲಿ ಅದು ತುಂಬಾ ಚಿಕ್ಕದು. ಶುರುವಿನ ಧಾಟಿಯೇ ಬರುತ್ತದೆ, ಆದರೆ ಡಿ ಮೈನರಿನಲ್ಲಿ, ಅಂದರೆ ಅಂತರ ಗಾಂಧಾರದ ಬದಲು ಸಾಧಾರಣ ಗಾಂಧಾರ ಹಿಡಿದು, ಮುಖ ಸಪ್ಪೆ ಮಾಡಿಕೊಂಡು. 'ಸ' ಅಲ್ಲಿಂದ ಇಲ್ಲಿಗೆ ಅಲೆಯುತ್ತದೆ. ನೆಲೆ ಸಿಕ್ಕುವುದಿಲ್ಲ. ಆಮೇಲೆ ಮೊದಲಿನ ಗಟ್ಟಿ ಕಾರ್ಡ್ ಮತ್ತೆ ಜಿ ಮೇಲೆ ಬರುತ್ತದೆ. ತಂಬೂರಿ ಹಾಕಿ. ಹೇಗೆ ಕೂಡುತ್ತದೆ ನೋಡಿ! ಇದು ರಿಕ್ಯಾಪಿಚುಲೇಷನ್, ಮನೆಗೆ ಬಂದ ಗಳಿಗೆ. ಈಗ ಎರಡನೇ ಧಾಟಿಗೆ ಕಾಯಿರಿ. ಮೊದಲು ಡಿ ಮೇಲೆ ಕೇಳಿದ್ದ ಅದೇ ಧಾಟಿ ಈ ಸಲ ಜಿ ಮೇಲೆ ಬರುತ್ತದೆ. ಪರ ಊರಲ್ಲಿ ಭೇಟಿಯಾದವರು ನಮ್ಮ ಮನೆಗೇ ಬಂದು ಕೂತ ಹಾಗೆ. ನನಗೆ ಇದು ಮೊದಲ ಸಲ ಕಿವಿಗೆ ಬಿದ್ದ ದಿನ ಅದೇ ಅರ್ಧ ನಿಮಿಷವನ್ನು ಎಷ್ಟೋ ಸಲ ಹಾಕಿ ಹಾಕಿ ಕೇಳಿದೆ.

ಈ ಒಂದು ಭಾಗಕ್ಕೆ ಒಂದು ವಾರ ಕೊಡಿ. ಎರಡನೇ ಭಾಗ ಮಿನುಯೆಟ್, ನೃತ್ಯದ ನಡೆ. ಅದನ್ನು ಸಂತೋಷಕ್ಕೆ ಕೇಳಿ ಸಾಕು. ಆ ಧಾಟಿ ಬೀಥೋವನ್‌ಗೂ ಇಷ್ಟವಾಗಿರಬೇಕು, ಏಳು ವಾದ್ಯಗಳಿಗೆ ಬರೆದ ಓಪಸ್ 20ರ ಸೆಪ್ಟೆಟ್‌ನಲ್ಲಿ ಅದನ್ನೇ ಮತ್ತೆ ಬಳಸಿದ್ದಾನೆ.

ಎರಡನೇ ಪಾಠ: 'ಪಥೆಟಿಕ್', ಓಪಸ್ 13

1799ರಲ್ಲಿ ಅಚ್ಚಾದದ್ದು. ಮೂರು ಭಾಗ, ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ಸಿ ಮೈನರ್, ಅಂದರೆ ತಂಬೂರಿ ಒಂದಕ್ಕೆ. ಇಲ್ಲಿನ ಸ್ವರಗಳು ಕೀರವಾಣಿ, ನಟಭೈರವಿಗಳ ಹತ್ತಿರ ಓಡಾಡುತ್ತವೆ.

ಶುರುವಿಗೆ ನಿಧಾನದ ಪೀಠಿಕೆ ಇದೆ, ಹೆಸರು ಗ್ರಾವೆ. ಮೊದಲ ಕಾರ್ಡ್ ಜೋರಾಗಿ ಬಿದ್ದು ಕೂಡಲೇ ಮೆತ್ತಗಾಗುತ್ತದೆ. ಅದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಆಮೇಲೆ ವೇಗದ ಭಾಗ ಧುಮುಕುತ್ತದೆ. ಎಡಗೈ ಗುಡುಗಿನ ಹಾಗೆ ನಡುಗುತ್ತಿರುತ್ತದೆ. ಎರಡನೇ ಧಾಟಿಯಲ್ಲಿ ಬಲಗೈ ಎಡಗೈಯನ್ನು ದಾಟಿ ಕೆಳಗೆ ಹೋಗಿ ಬರುತ್ತದೆ. ಇಬ್ಬರು ಮಾತಾಡಿಕೊಂಡ ಹಾಗೆ ಕೇಳುತ್ತದೆ. ಇಲ್ಲಿ 'ಸ' ಹೋಗಿ ಕೂತದ್ದು ಸಾಧಾರಣ ಗಾಂಧಾರದ ಮೇಲೆ. ಮೈನರ್ ಸೊನಾಟಾಗಳಲ್ಲಿ ಅದು ರೂಢಿಯ ದಾರಿಯೇ. ಆದರೆ ರೂಢಿ ಪ್ರಕಾರ ಅಲ್ಲಿ ಮೇಜರ್ ಬರಬೇಕು, ಮುಖ ಅರಳಬೇಕು. ಬೀಥೋವನ್ ಮೊದಲು ಅಲ್ಲೂ ಮೈನರನ್ನೇ ಇಡುತ್ತಾನೆ. ಮೇಜರ್ ಬರುವುದು ಸ್ವಲ್ಪ ತಡವಾಗಿ. ಆ ಅರಳುವ ಜಾಗವನ್ನು ಬರೆದುಕೊಳ್ಳಿ.

ಕೊನೆಗೆ ಅದೇ ಧಾಟಿ ಮರಳಿ ಬರುವಾಗಲೂ ನೇರ ಮನೆಗೆ ಬರುವುದಿಲ್ಲ. ಮೊದಲು ಎಫ್ ಮೇಲೆ ಒಂದು ಸಲ, ಆಮೇಲೆ ಸಿ ಮೇಲೆ. ಪೀಠಿಕೆಯ ಗ್ರಾವೆ ನಡುವೆ ಒಮ್ಮೆ ಬರುತ್ತದೆ, ತುದಿಯಲ್ಲಿ ಇನ್ನೊಮ್ಮೆ ಬರುತ್ತದೆ. ಆ ಕೊನೆಯ ಸಲ ಗಮನಿಸಿ. ಶುರುವಿನಲ್ಲಿ ಜೋರಾಗಿ ಬಿದ್ದಿದ್ದ ಆ ಕಾರ್ಡ್ ಇಲ್ಲ! ಅದರ ಜಾಗದಲ್ಲಿ ಮೌನ. ಕಿವಿ ಕಾಯುತ್ತದೆ, ಏನೂ ಬರುವುದಿಲ್ಲ. ಇಪ್ಪತ್ತೆಂಟರ ಹುಡುಗ ಬರೆದದ್ದು ಅಂದರೆ ನಂಬುವುದು ಕಷ್ಟ.

ಎರಡನೇ ಭಾಗಕ್ಕೆ ತಂಬೂರಿಯನ್ನು ಎ ಫ್ಲ್ಯಾಟ್‌ಗೆ, ಅಂದರೆ ಐದೂವರೆಗೆ ಬದಲಾಯಿಸಿಕೊಳ್ಳಿ. ಮೊದಲ ಭಾಗದ ಶುದ್ಧ ಧೈವತ ಇಲ್ಲಿ 'ಸ'. ಮುಖ್ಯ ಧಾಟಿ ನಡುವೆ ಬಿಡುವು ಕೊಟ್ಟು ಮೂರು ಸರದಿ ಬರುತ್ತದೆ. ಮೂರನೇ ಸರದಿಗೆ ಕೆಳಗಿನ ನಡೆ ತಿಶ್ರಕ್ಕೆ ತಿರುಗಿರುತ್ತದೆ. ಧಾಟಿ ಅದೇ, ಉಸಿರು ಬೇರೆ. ಕೊನೆಯ ಭಾಗದಲ್ಲಿ ಮುಗಿಯುವ ಮೊದಲು ಒಂದು ಗಳಿಗೆ ಸಂಗೀತ ಈ ಎ ಫ್ಲ್ಯಾಟ್ ಕಡೆಗೆ ತಿರುಗಿ ನೋಡುತ್ತದೆ. ಕೂಡಲೇ ಸಿ ಮೈನರ್ ಬಂದು ಬಾಗಿಲು ಹಾಕುತ್ತದೆ.

ಮೂರನೆಯದು: 'ಮೂನ್‌ಲೈಟ್'

1801ರ ರಚನೆ, ಓಪಸ್ 27ರ ಎರಡನೆಯದು. ಈ ಹೆಸರು ಬೀಥೋವನ್ ಇಟ್ಟದ್ದಲ್ಲ. ಅವನು ತೀರಿಕೊಂಡ ಮೇಲೆ ಲುಡ್ವಿಗ್ ರೆಲ್‌ಸ್ಟಾಬ್ ಅನ್ನುವ ವಿಮರ್ಶಕ ಬೆಳದಿಂಗಳ ಸರೋವರಕ್ಕೆ ಹೋಲಿಸಿದ, ಅದೇ ಅಂಟಿಕೊಂಡಿತು. ಬೀಥೋವನ್ ಬರೆದದ್ದು 'ಹೆಚ್ಚುಕಡಿಮೆ ಒಂದು ಫ್ಯಾಂಟಸಿಯಾ' ಅಂತ. ಬೆಳದಿಂಗಳನ್ನು ಮರೆತು ಕೇಳಿ.

ತಂಬೂರಿ ಒಂದೂವರೆಗೆ ಇಡಿ. ಮೂರೂ ಭಾಗಕ್ಕೆ ಬದಲಾಯಿಸಬೇಕಾಗಿಲ್ಲ. ಮೊದಲ ಮತ್ತು ಮೂರನೇ ಭಾಗ ಸಿ ಶಾರ್ಪ್ ಮೈನರ್, ನಡುವಿನದು ಡಿ ಫ್ಲ್ಯಾಟ್ ಮೇಜರ್. ಹೆಸರು ಎರಡು, ಕೀಬೋರ್ಡಿನಲ್ಲಿ ಮನೆ ಒಂದೇ. ಒಂದೇ ಮನೆಯಲ್ಲಿ ಮೊದಲು ಕತ್ತಲೆ, ಆಮೇಲೆ ಎರಡು ನಿಮಿಷ ಬೆಳಕು, ಆಮೇಲೆ ಬಿರುಗಾಳಿ. ಮೊದಲ ಭಾಗದಲ್ಲಿ ಮೂರು ಮೂರಾಗಿ ಮೆಲ್ಲಗೆ ಏರುತ್ತಿದ್ದ ಸ್ವರಗಳೇ ಮೂರನೇ ಭಾಗದಲ್ಲಿ ಬೆಂಕಿ ಹೊತ್ತಿಕೊಂಡು ಮೇಲಕ್ಕೆ ನುಗ್ಗಿ ಎರಡು ಏಟು ಹೊಡೆಯುತ್ತವೆ. ಮೊದಲ ಭಾಗ ಮಾತ್ರ ಕೇಳಿ ನಿಲ್ಲಿಸುವವರು ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ, ಅದು ದೊಡ್ಡ ನಷ್ಟ. ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಿ, ಹದಿನೈದು ನಿಮಿಷ.

ಇಲ್ಲಿಗೆ ಬಂದಾಗ ಇಬ್ಬರು ಮೂವರ ರೆಕಾರ್ಡಿಂಗ್ ಹೋಲಿಸಬಹುದು. ಮೊದಲ ಭಾಗವನ್ನು ಒಬ್ಬರು ಐದು ನಿಮಿಷಕ್ಕೆ ಮುಗಿಸಿದರೆ ಇನ್ನೊಬ್ಬರು ಏಳು ತೆಗೆದುಕೊಳ್ಳುತ್ತಾರೆ. ತಂತಿಯ ನಾದ ನಿಲ್ಲಿಸುವ ಡ್ಯಾಂಪರ್ ಎತ್ತಿಟ್ಟೇ ನುಡಿಸಬೇಕು ಅಂತ ಬೀಥೋವನ್ ಬರೆದಿದ್ದಾನೆ, ಅಂದರೆ ನಾದ ನಿಲ್ಲದೆ ಒಂದರೊಳಗೊಂದು ಕರಗಬೇಕು. ಅವನ ಕಾಲದ ಪಿಯಾನೋದಲ್ಲಿ ನಾದ ಬೇಗ ಆರುತ್ತಿತ್ತು. ಇವತ್ತಿನದರಲ್ಲಿ ಹಾಗೇ ಮಾಡಿದರೆ ಎಲ್ಲ ಕಲಸಿಹೋಗುತ್ತದೆ. ಪ್ರತಿಯೊಬ್ಬರೂ ಇದಕ್ಕೆ ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ, ಕೇಳಿ ನೋಡಿ.

ಎರಡೂ ಸಂಗೀತ ಒಂದೇ ಕಿವಿಯಲ್ಲಿ ಹಿಡಿಸುತ್ತವೆಯೇ ಅಂತ ಅನುಮಾನ ಇರುವವರಿಗೆ ಒಂದು ಮಾತು. ಮೈಸೂರಿನ ಜಯಚಾಮರಾಜ ಒಡೆಯರ್ 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಅವರೇ ಪಿಯಾನೋ ಕಲಿತವರು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು.

ನಾಲ್ಕನೆಯದು: 'ವಾಲ್ಡ್‌ಸ್ಟೈನ್', ಓಪಸ್ 53

1803–04ರಲ್ಲಿ ಬರೆದದ್ದು. ಕಿವಿ ಮಂದವಾಗುತ್ತಿರುವುದನ್ನು ಒಪ್ಪಿಕೊಂಡು ಬೀಥೋವನ್ 1802ರ ಅಕ್ಟೋಬರಿನಲ್ಲಿ ಹೈಲಿಗೆನ್‌ಸ್ಟಾಟ್ ಹಳ್ಳಿಯಲ್ಲಿ ತಮ್ಮಂದಿರಿಗೆ ಆ ಪ್ರಸಿದ್ಧ ಪತ್ರ ಬರೆದ. ಈ ಸೊನಾಟಾ ಅದರ ನಂತರದ್ದು. 1803ರಲ್ಲಿ ಪ್ಯಾರಿಸ್ಸಿನಿಂದ ಎರಾರ್ಡ್ ಪಿಯಾನೋ ಬಂದಿತ್ತು. ಅದರ ಮೇಲುಗಡೆ ಮನೆಗಳು ಜಾಸ್ತಿ, ಸಂಗೀತವೂ ಅಷ್ಟು ಮೇಲಕ್ಕೆ ಹೋಗುತ್ತದೆ.

ಮತ್ತೆ ತಂಬೂರಿ ಒಂದಕ್ಕೆ. ಶುರುವಿನಲ್ಲಿ ಧಾಟಿ ಅನ್ನುವಂಥದ್ದು ಏನೂ ಇಲ್ಲ, ಪಿಸುಮಾತಿನಲ್ಲಿ ಬಡಿದುಕೊಳ್ಳುವ ಕಾರ್ಡುಗಳು ಅಷ್ಟೇ. 'ಪ' ಕಡೆಗೆ ಹೋಗುತ್ತದೆ ಅಂತ ನಿಮ್ಮ ಕಿವಿ ಈಗಾಗಲೇ ಕಾಯಲು ಕಲಿತಿರುತ್ತದೆ. ಹೋಗುವುದಿಲ್ಲ. ಅಂತರ ಗಾಂಧಾರ 'ಸ' ಆಗುತ್ತದೆ. ಸಿ ಇಂದ ಇ ಮೇಜರ್. ಅಲ್ಲಿ ಪ್ರಾರ್ಥನೆಯಂಥ ಒಂದು ಧಾಟಿ ತೆರೆದುಕೊಳ್ಳುತ್ತದೆ. ಬೆಳಕು ಬೇರೆ ಕಿಟಕಿಯಿಂದ ಬಂದ ಹಾಗಿರುತ್ತದೆ. ಕೊನೆಗೆ ಅದು ಮನೆಗೆ ಬರುವುದನ್ನು ತಾಳ್ಮೆಯಿಂದ ಕಾಯಬೇಕು. ಮೊದಲು ಎ ಮೇಜರಿನಲ್ಲಿ ಬರುತ್ತದೆ. ಇಡೀ ಭಾಗ ಇನ್ನೇನು ಮುಗಿಯುತ್ತದೆ ಅನ್ನುವ ಹೊತ್ತಿಗೆ, ಕೋಡಾದಲ್ಲಿ, ಅಂದರೆ ಮುಕ್ತಾಯದ ತುಣುಕಿನಲ್ಲಿ, ಆ ಧಾಟಿ ಸಿ ಮೇಲೆ ಶಾಂತವಾಗಿ ಕೂರುತ್ತದೆ.

ಇದಕ್ಕೆ ಅಂತ ಬರೆದಿದ್ದ ಉದ್ದನೆಯ ನಿಧಾನದ ಭಾಗವನ್ನು ಬೀಥೋವನ್ ತೆಗೆದುಹಾಕಿದ. ಅದು 'ಆಂದಾಂತೆ ಫಾವೊರಿ' ಅನ್ನುವ ಹೆಸರಿನಲ್ಲಿ ಬೇರೆಯೇ ಇದೆ. ಅದರ ಜಾಗದಲ್ಲಿ ಈಗ ಒಂದು ಚಿಕ್ಕ, ಕತ್ತಲೆಯ ಓಣಿಯಂಥ ಭಾಗವಿದೆ. ಓಣಿಯ ತುದಿಯಲ್ಲಿ ಕೊನೆಯ ರೊಂಡೋ, ಅಂದರೆ ಮುಖ್ಯ ಧಾಟಿ ಮತ್ತೆ ಮತ್ತೆ ಮರಳುವ ಭಾಗ, ಶುರುವಾಗುವ ರೀತಿಯನ್ನು ಮಾತ್ರ ಸುಮ್ಮನೆ ಕೂತು ಕೇಳಿ.

ಕೊನೆಯ ಪಾಠ: ಓಪಸ್ 110

ಇಲ್ಲಿಗೆ ಬರಲು ಎರಡು ತಿಂಗಳಾದರೂ ಆಗಲಿ. ಹಸ್ತಪ್ರತಿಯ ಮೇಲಿರುವ ತಾರೀಕು 1821ರ ಡಿಸೆಂಬರ್ 25. ಆ ವರ್ಷ ಬೀಥೋವನ್ ಕಾಮಾಲೆಯಿಂದ ನರಳಿದ್ದ. ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು, ಜನ ಅವನ ಜೊತೆ ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡುತ್ತಿದ್ದರು.

ಮೊದಲೆರಡು ಭಾಗಗಳನ್ನು ಕೇಳಿ ಮುಂದೆ ಹೋಗಿ, ಅವು ಕಷ್ಟದವಲ್ಲ. ಕೊನೆಯ ಭಾಗಕ್ಕೆ ತಂಬೂರಿ ಐದೂವರೆಗೆ ಇಡಿ, ಎ ಫ್ಲ್ಯಾಟ್. ಮೊದಲು ತಾಳವಿಲ್ಲದ ಆಲಾಪನೆಯಂಥ ಮಾತು. ಆಮೇಲೆ ಒಂದು ಅಳುವ ಹಾಡು, ಎ ಫ್ಲ್ಯಾಟ್ ಮೈನರಿನಲ್ಲಿ. ಅದು ಆರಿದ ಮೇಲೆ ಫ್ಯೂಗ್ ಶುರುವಾಗುತ್ತದೆ. ಫ್ಯೂಗ್ ಅಂದರೆ ಒಂದು ದನಿ ಧಾಟಿ ಎತ್ತಿಕೊಳ್ಳುತ್ತದೆ, ಅದು ಮುಂದುವರಿಯುತ್ತಿರುವಾಗಲೇ ಎರಡನೇ ದನಿ ಸೇರುತ್ತದೆ, ಆಮೇಲೆ ಮೂರನೆಯದು. ಈ ಧಾಟಿಯ ತಲೆಭಾಗವನ್ನು ನೀವು ಈಗಲೇ ಹಾಡಬಹುದು: ಸ–ಮ, ರಿ–ಪ, ಗ–ದ. ದಾಟು ವರಸೆ ಕಲಿತವರಿಗೆ ಇದು ಬಾಯಿಗೆ ತಾನಾಗಿ ಬರುತ್ತದೆ. ಹಾಡಿಕೊಳ್ಳುತ್ತಾ, ಅದು ಪ್ರತಿ ಸಲ ಎಲ್ಲಿ ತಲೆ ಎತ್ತುತ್ತದೆ ಅಂತ ಬೆರಳು ಮಡಚಿ ಎಣಿಸಿ. ಎಡಗೈಯ ಆಳದಲ್ಲಿ ಬಂದಾಗ ತಪ್ಪಿಸಿಕೊಳ್ಳುವುದು ಸುಲಭ.

ಫ್ಯೂಗ್ ಏರುತ್ತಾ ಏರುತ್ತಾ ಇರುವಾಗ ತಂಬೂರಿಗೂ ಪಿಯಾನೋಗೂ ಇದ್ದಕ್ಕಿದ್ದಂತೆ ಜಗಳ ಬೀಳುತ್ತದೆ. ನೆಲ ಅರ್ಧ ಸ್ವರ ಕೆಳಗೆ ಕುಸಿದಿದೆ. 'ಸ' ಈಗ ಜಿ. ಅಳುವ ಹಾಡು ಮತ್ತೆ ಬಂದಿದೆ, ಜಿ ಮೈನರಿನಲ್ಲಿ. ಈ ಸಲ ಮಾತು ಪೂರ್ತಿ ಆಗುತ್ತಿಲ್ಲ, ನಡುನಡುವೆ ಉಸಿರು ಕಟ್ಟುತ್ತಿದೆ. 'ದಣಿದು' ಅಂತ ಬೀಥೋವನ್ ಅಲ್ಲಿ ಬರೆದಿದ್ದಾನೆ. ತಂಬೂರಿ ಬದಲಾಯಿಸಬೇಡಿ, ಆಫ್ ಮಾಡಿ. ಇಲ್ಲಿ ಅದು ಬೇಡ.

ಹಾಡಿನ ತುದಿಯಲ್ಲಿ ಜಿ ಮೇಜರಿನ ಒಂದೇ ಕಾರ್ಡ್ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲ ಇನ್ನೊಂಚೂರು ಜೋರಾಗಿ. ಅದರಿಂದ ಫ್ಯೂಗ್ ಮತ್ತೆ ಹುಟ್ಟುತ್ತದೆ, ಆದರೆ ತಲೆಕೆಳಗಾಗಿ. ಏರುತ್ತಿದ್ದ ಧಾಟಿ ಈಗ ಇಳಿಯುತ್ತದೆ. ಅಲ್ಲಿ 'ಮೆಲ್ಲಮೆಲ್ಲಗೆ ಮತ್ತೆ ಜೀವ ಬರುತ್ತಾ' ಅನ್ನುವ ಅರ್ಥದ ಇಟಾಲಿಯನ್ ಮಾತು ಬರೆದಿದೆ. ಧಾಟಿ ಬೇರೆ ಬೇರೆ ಅಳತೆಯಲ್ಲಿ, ಒಂದು ದನಿಯಲ್ಲಿ ಹಿಗ್ಗಿ ಇನ್ನೊಂದರಲ್ಲಿ ಕುಗ್ಗಿ, ಒಟ್ಟಿಗೆ ಓಡಾಡುತ್ತದೆ. ಎಲ್ಲ ಅರ್ಥವಾಗಬೇಕು ಅಂತಿಲ್ಲ. ಜಿ ಇಂದ ಎ ಫ್ಲ್ಯಾಟ್‌ಗೆ ಆ ಅರ್ಧ ಸ್ವರವನ್ನು ಅದು ಹತ್ತುವ ಜಾಗ ಸಿಕ್ಕರೆ ಸಾಕು. ಸಿಕ್ಕ ಕೂಡಲೇ ತಂಬೂರಿ ಹಾಕಿ, ಐದೂವರೆಗೆ. ಮುಗಿಯುವವರೆಗೂ ಹಾಗೇ ಬಿಡಿ.